ಮುಚ್ಚಳವಿಲ್ಲದ ತೊಟ್ಟಿಗಳು

ಫೆಬ್ರವರಿ ೪

ಪ್ರೀತಿಯ ತಮ್ಮನಿಗೆ,

ನಿನ್ನ ಕಳೆದ ಪತ್ರದ ಕೊನೆಗೆ ಪುಟ್ಟಿ ತಾನೇ ಒಂದು ಸಾಲು ಗೀಚಿದ್ದಾಳೆ: "ಅತ್ತೆ, ನೀನು ಮೀನು ಸಾಕ್ತೀಯಾ, ಸಾಯಿಸ್ತೀಯಾ?" ಎರಡೂ ಹೌದು ಅಂತ ಹೇಳು. ಹದಿನೈದು ದಿನ ಮಕ್ಕಳ ಹಾಗೆ ನೋಡಿಕೊಳ್ಳುತ್ತೇನೆ, ಆಮೇಲೆ ನಾಲ್ಕು ದಿನ ಪರೀಕ್ಷೆಗೆ ಒಡ್ಡುತ್ತೇನೆ. ಯಾವುದಾದರೂ ರಾಸಾಯನಿಕವನ್ನು ಹೊಳೆಗೋ ಕೆರೆಗೋ ಬಿಡಬೇಕಾದರೆ ಮೊದಲು ಅದು ನಮ್ಮ ಪ್ರಯೋಗಾಲಯಕ್ಕೆ ಬರುತ್ತದೆ. ಐದು ಗಾಜಿನ ತೊಟ್ಟಿಗಳಲ್ಲಿ ಕಡಿಮೆಯಿಂದ ಹೆಚ್ಚಿಗೆ ಐದು ಪ್ರಮಾಣದಲ್ಲಿ ಅದನ್ನು ಬೆರೆಸುತ್ತೇನೆ. ಆರನೆಯದರಲ್ಲಿ ಬರೀ ಶುದ್ಧ ನೀರು. ಒಂದೊಂದಕ್ಕೆ ಏಳು ಮೀನು, ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಪಟ್ಟೆ ಮೀನುಗಳು. ತೊಂಬತ್ತಾರು ಗಂಟೆ ಎಣಿಸುತ್ತಾ ಕೂರುವುದು. ಕಿವಿರು ಅಲುಗದೆ, ಬಾಲದ ಬುಡ ಮುಟ್ಟಿದರೂ ಮಿಸುಕದೆ ಇದ್ದರೆ ಸತ್ತಿದೆ ಅಂತ ಬರೆಯುತ್ತೇನೆ. ಅದಕ್ಕೇ ಇಲ್ಲಿ ನನ್ನನ್ನು ಎಲ್ಲರೂ ಮೀನಕ್ಕ ಅನ್ನುತ್ತಾರೆ.

ಇದನ್ನೆಲ್ಲ ಪುಟ್ಟಿಗೆ ಹೇಳಬೇಡ. ಸಾಕ್ತಾಳೆ ಅಂತಷ್ಟೇ ಹೇಳು.

ನಿನ್ನ ಹೆಂಡತಿಯ ಕೈನೋವು ಹೇಗಿದೆ? ನೀನು ಕಾರ್ಖಾನೆಯಲ್ಲಿ ಈಗಲೂ ಪ್ಯಾಕಿಂಗಿನಲ್ಲೇ ಇದ್ದೀಯಾ? ಸುಮ್ಮನೆ ಕೇಳಿದೆ.

ನಿನ್ನ ಅಕ್ಕ

*

ಫೆಬ್ರವರಿ ೯

ಅಕ್ಕನಿಗೆ ನಮಸ್ಕಾರ,

ಪುಟ್ಟಿಗೆ ಪತ್ರ ಓದಿ ಹೇಳುವಾಗ ಅರ್ಧ ನುಂಗಿದೆ. ಆದರೂ ಅವಳು ಬಿಡಲಿಲ್ಲ. "ಏಳೇ ಮೀನು ಯಾಕೆ? ಹತ್ತು ಹಾಕಿದ್ರೆ ಏನಾಗತ್ತೆ?" ಅಂತ ತಲೆ ತಿಂದಳು. ನಿನ್ನ ಸೊಸೆಯಲ್ಲವೆ, ಎಣಿಕೆ ಅಂದರೆ ಪ್ರಾಣ.

ಇವಳ ಕೈನೋವು ಪರವಾಗಿಲ್ಲ. ನಾನು ಪ್ಯಾಕಿಂಗಿನಲ್ಲೇ ಇದ್ದೇನೆ. ಬೆಳಗ್ಗೆ ರಟ್ಟಿನ ಡಬ್ಬ ಮಡಚುವುದು, ಅದಕ್ಕೆ ಎರಡು ಸುತ್ತು ಟೇಪು, ಮೇಲೆ ಒಂದು ಚೀಟಿ, ಆಮೇಲೆ ಬಾಗಿಲ ಬಳಿ ಎಂಟೆಂಟು ಪೇರಿಸುವುದು. ಮಧ್ಯಾಹ್ನ ಮತ್ತೆ ಅದೇ. ನಮ್ಮ ಮೇಲ್ವಿಚಾರಕ ಮಾತಿಗೊಮ್ಮೆ ಗೋಡೆ ಗಡಿಯಾರ ನೋಡುತ್ತಾನೆ, ಅದಕ್ಕೆ ಅವನಿಗೆ ಗಡಿಯಾರ ಅಂತಲೇ ಹೆಸರು ಬಿದ್ದಿದೆ. ಸಂಜೆಯಾದರೆ ತಲೆ ಸಿಡಿಯುತ್ತದೆ. ಕನ್ನಡಕ ಹಾಕಿಸಬೇಕೇನೋ. ವಯಸ್ಸಾಯಿತು.

ಇಷ್ಟು ವರ್ಷ ನಾನು ಯಾವ ವಿಭಾಗ ಅಂತ ಒಂದು ದಿನ ಕೇಳದವಳು ಈಗ ಕೇಳಿದ್ದೀಯ. "ಸುಮ್ಮನೆ ಕೇಳಿದೆ" ಅಂತ ಬೇರೆ ಬರೆದಿದ್ದೀಯ. ನೀನು ಸುಮ್ಮನೆ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಏನು ಸಮಾಚಾರ?

ನಿನ್ನ ತಮ್ಮ

*

ಫೆಬ್ರವರಿ ೧೩

ತಮ್ಮನಿಗೆ,

ಸುಳ್ಳು ಹೇಳುವಾಗ ನೀನು ವಿವರ ಜಾಸ್ತಿ ಕೊಡುತ್ತೀಯ. ಚಿಕ್ಕಂದಿನಿಂದ ಹಾಗೇ. ಟೇಪು ಎರಡು ಸುತ್ತು, ಡಬ್ಬ ಎಂಟೆಂಟು!

ಬರೆಯಬಾರದ್ದನ್ನು ಬರೆಯುತ್ತಿದ್ದೇನೆ, ಓದಿ ಹರಿದುಹಾಕು. ಜನವರಿ ಕೊನೆಯಲ್ಲಿ ನಮಗೊಂದು ಬಾಟಲಿ ಬಂತು. ಯಂತ್ರದ ಬಿಡಿಭಾಗಗಳ ಜಿಡ್ಡು ತೊಳೆಯುವ ದ್ರವ. ಯಾರು ಕಳಿಸಿದ್ದು ಅಂತ ನಮಗೆ ಹೇಳುವುದಿಲ್ಲ, ಚೀಟಿಯ ಮೇಲೆ ಕೈಯಲ್ಲಿ ಬರೆದ ಒಂದು ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆಯಲ್ಲಿ ಎರಡು ಏಳು. ಎರಡಕ್ಕೂ ಸೊಂಟದಲ್ಲಿ ಅಡ್ಡ ಪಟ್ಟಿ, ಪಟ್ಟಿಯ ಬಲಗಡೆ ತುದಿ ಕೆಳಕ್ಕೆ ಬಾಗಿದೆ. ಹಾಗೆ ಏಳು ಬರೆಯುವವರನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಆ ಅಂಕಿಗೋಸ್ಕರ ಮೇಷ್ಟ್ರ ಹತ್ತಿರ ಎಷ್ಟು ಸಲ ಬೈಸಿಕೊಂಡಿದ್ದೀಯ.

ನಾಲ್ಕು ದಿನ ಕಳೆದರೂ ಒಂದೇ ಒಂದು ಮೀನು ಸಾಯಲಿಲ್ಲ. ಅತಿ ಹೆಚ್ಚು ಬೆರೆಸಿದ ತೊಟ್ಟಿಯಲ್ಲೂ ಏಳಕ್ಕೆ ಏಳೂ ಲವಲವಿಕೆಯಿಂದ ಓಡಾಡಿಕೊಂಡಿದ್ದವು. ಜಿಡ್ಡು ಕರಗಿಸುವ ವಸ್ತು ಮೀನಿನ ಕಿವಿರನ್ನು ಸುಮ್ಮನೆ ಬಿಡುತ್ತದೆ ಅಂದರೆ ನಾನು ನಂಬುವುದಿಲ್ಲ. ತೊಟ್ಟಿಯ ನೀರನ್ನು ಅಳೆಸಿದಾಗ ಇರಬೇಕಾದ್ದರಲ್ಲಿ ಹತ್ತನೇ ಒಂದು ಭಾಗವೂ ಇರಲಿಲ್ಲ.

ಒಂದೇ ಮಾತು ಕೇಳುತ್ತೇನೆ. ಆ ಬಾಟಲಿಗೆ ನೀರು ಬೆರೆಸಿದವರು ಯಾರು? ಗಡಿಯಾರ ಹೇಳಿ ಮಾಡಿಸಿದನಾ? ಹೇಳಿಬಿಡು. ಅಕ್ಕ ಇದ್ದಾಳೆ ಅನ್ನುವ ಧೈರ್ಯದಿಂದ ಹೇಳು.

ಅಕ್ಕ

*

ಫೆಬ್ರವರಿ ೨೦

ಅಕ್ಕನಿಗೆ,

ನಿನ್ನ ಪತ್ರ ಮೂರು ಸಲ ಓದಿದೆ. ನಾಲ್ಕನೆಯ ಸಲ ಇವಳಿಗೆ ಕೊಟ್ಟೆ. "ನಿಮ್ಮಕ್ಕ ಪೊಲೀಸಿಗೆ ಸೇರಬೇಕಿತ್ತು ಕಣ್ರೀ" ಅಂದಳು.

ಹೌದು, ನಾನು ಪ್ಯಾಕಿಂಗಿನಲ್ಲಿಲ್ಲ. ಐದು ತಿಂಗಳಿಂದ ದ್ರವ ತುಂಬುವ ಕೋಣೆಯಲ್ಲಿದ್ದೇನೆ. ನಿನಗೆ ಹೇಳಲಿಲ್ಲ, ಯಾಕೆಂದರೆ ಹೇಳಿದ್ದರೆ ನೀನು ನಾಲ್ಕು ಪುಟ ಉಪದೇಶ ಬರೆಯುತ್ತಿದ್ದೆ. ಅದು ಮುಟ್ಟಬೇಡ, ಇದು ಮೂಸಬೇಡ ಅಂತ. ನನಗೆ ಬೆಳಗಿನ ಪಾಳಿ ಬೇಕಿತ್ತು, ಪುಟ್ಟಿಯನ್ನು ಶಾಲೆಯಿಂದ ಕರೆದುಕೊಂಡು ಬರಲು. ಆ ಕೋಣೆಯಲ್ಲಿ ಸಿಕ್ಕಿತು. ಇಷ್ಟೇ ಗುಟ್ಟು.

ಬಾಟಲಿ ತುಂಬಿಸಿದ್ದು ನಾನೇ. ಎರಡು ತುಂಬಿಸಿದೆ, ಎರಡಕ್ಕೂ ನಾನೇ ಚೀಟಿ ಅಂಟಿಸಿದೆ. ಹೊಸ ಪೀಪಾಯಿ ಒಡೆದು, ಕತ್ತಿನವರೆಗೆ ತುಂಬಿಸಿ, ಮುಚ್ಚಳ ಬಿಗಿದು ಅರಗು ಹಾಕಿದೆ. ಒಂದು ಹನಿ ನೀರು ಬೆರೆಸಿಲ್ಲ. ಗಡಿಯಾರ ಪಕ್ಕದಲ್ಲಿ ನಿಂತಿದ್ದ, ಅವನೂ ಏನೂ ಹೇಳಲಿಲ್ಲ.

ಅಪ್ಪನ ಕೈಗಡಿಯಾರ ಕಳೆದ ದಿನ ನೆನಪಿದೆಯಾ? ಮನೆಯಲ್ಲಿ ಆರು ಜನ ಇದ್ದೆವು. ನೀನು ಸೀದಾ ಬಂದು ನನ್ನ ಜೇಬು ತಡಕಿದೆ. ಆಮೇಲೆ ಅದು ಒಗೆಯುವ ಬಟ್ಟೆಯ ರಾಶಿಯಲ್ಲಿ ಸಿಕ್ಕಿತು. ನೀನು ತಪ್ಪಾಯಿತು ಅನ್ನಲಿಲ್ಲ, "ಈ ಸಲ ನೀನಲ್ಲ" ಅಂದೆ. ಈ ಸಲ!

ವರದಿಯಲ್ಲಿ ಏನು ಬರೆದಿದ್ದೀಯ? ಅದನ್ನು ಮೊದಲು ಹೇಳು.

ತಮ್ಮ

*

ಫೆಬ್ರವರಿ ೨೫

ತಮ್ಮನಿಗೆ,

ವರದಿ ಬರೆಯುವುದು ನಮ್ಮ ಪ್ರಯೋಗಾಲಯದ ದೊಡ್ಡ ಸಾರ್ ಕೆಲಸ. ನಾನು ಅಂಕಿ ಕೊಡುವವಳು ಅಷ್ಟೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಇಲ್ಲಿ ಕೆಲಸ ಜಾಸ್ತಿ. ಹೊಸ ಮೀನುಗಳು ಬಂದಿವೆ, ಅವಕ್ಕೆ ನಮ್ಮ ನೀರು ಒಗ್ಗಬೇಕು. ಪುಟ್ಟಿಗೆ ಪರೀಕ್ಷೆ ಹತ್ತಿರ ಬಂತಲ್ಲ, ಚೆನ್ನಾಗಿ ಓದಲಿ.

ಅಕ್ಕ

*

ಮಾರ್ಚ್ ೧೪

ಅಕ್ಕನವರಿಗೆ,

ಸೋಮವಾರ ನನ್ನನ್ನು ಆಫೀಸಿಗೆ ಕರೆದರು. ಮ್ಯಾನೇಜರು, ಗಡಿಯಾರ, ಇನ್ನೊಬ್ಬ ಟೈ ಕಟ್ಟಿದವನು. ನನಗೆ ಕೂರಲು ಹೇಳಲಿಲ್ಲ. ಪ್ರಯೋಗಾಲಯದಿಂದ ಬಂದ ಕಾಗದವನ್ನು ಗಟ್ಟಿಯಾಗಿ ಓದಿದರು. "ಕಳುಹಿಸಿದ ಮಾದರಿಯು ದುರ್ಬಲಗೊಳಿಸಲ್ಪಟ್ಟಂತೆ ಕಾಣುತ್ತದೆ. ತುಂಬಿಸುವ ಹಂತದಲ್ಲಿ ನೀರು ಬೆರೆತಿರುವ ಸಾಧ್ಯತೆಯಿದ್ದು ವಿಚಾರಿಸುವುದು ಒಳಿತು." ಕೆಳಗೆ ತಾರೀಕು ಫೆಬ್ರವರಿ ೧೧.

"ವಿಚಾರಿಸುವುದು ಒಳಿತು" ಅಂತ ಬರೆಯುವವರು ಯಾವ ಸಾರೂ ಅಲ್ಲ. ನೀನು ಶಾಲೆಗೆ ರಜೆಯ ಚೀಟಿ ಬರೆಯುತ್ತಿದ್ದಾಗಲೂ ಹೀಗೇ ಬರೆಯುತ್ತಿದ್ದೆ. ಅಂದರೆ "ಅಕ್ಕ ಇದ್ದಾಳೆ, ಹೇಳಿಬಿಡು" ಅಂತ ನನಗೆ ಬರೆಯುವ ಎರಡು ದಿನ ಮೊದಲೇ ನೀನು ತೀರ್ಪು ಕೊಟ್ಟು ಕಳಿಸಿದ್ದೆ.

"ಯಾಕೋ ಮಾಡಿದೆ?" ಅಂದರು ಮ್ಯಾನೇಜರು.

"ನಾನು ಮಾಡಿಲ್ಲ ಸಾರ್. ಇವರೇ ಪಕ್ಕದಲ್ಲಿದ್ರು, ಕೇಳಿ" ಅಂದೆ.

ಗಡಿಯಾರ ಗೋಡೆ ನೋಡಿಕೊಂಡು, "ನಾನು ಆಗ ಫೋನಿಗೆ ಹೋಗಿದ್ದೆ ಸಾರ್" ಅಂದ.

ಅವತ್ತೇ ಗೇಟಿನಿಂದ ಹೊರಗೆ. ಹನ್ನೊಂದು ವರ್ಷದ ಕೆಲಸ. ಪೆಟ್ಟಿಗೆಯಲ್ಲಿದ್ದ ಚಪ್ಪಲಿ, ಊಟದ ಡಬ್ಬಿ ತೆಗೆದುಕೊಳ್ಳಲು ಕಾವಲುಗಾರನ ಜೊತೆ ಕಳಿಸಿದರು, ನಾನೇನೋ ಕದಿಯುತ್ತೇನೆ ಅನ್ನುವ ಹಾಗೆ. ನಿಮಗೆ ತಿಳಿಯಲಿ ಅಂತ ಹೇಳುತ್ತೇನೆ: ಆ ದ್ರವಕ್ಕೆ ನೀರು ಹಾಕಿದರೆ ಎಣ್ಣೆಯ ಹಾಗೆ ಬೇರೆಯಾಗಿ ನಿಲ್ಲುತ್ತದೆ, ಎಳೆ ಮಗುವಿಗೂ ಕಾಣುತ್ತದೆ. ಒಂದು ತಟ್ಟೆಯಲ್ಲಿ ಸುರಿದು ಟೀ ಕುಡಿದು ಬಂದರೆ ತಟ್ಟೆ ಒಣಗಿರುತ್ತದೆ. ಅದನ್ನು ಕದ್ದು ನೀರು ಬೆರೆಸಿ ನಾನೇನು ಮಾಡಲಿ?

ಇನ್ನು ಬರೆಯಬೇಡಿ. ಪುಟ್ಟಿ ಕೇಳಿದರೆ ಅತ್ತೆಗೆ ಕೆಲಸ ಜಾಸ್ತಿ ಅಂತ ಹೇಳುತ್ತೇನೆ.

*

ಮಾರ್ಚ್ ೧೯

ತಮ್ಮಾ,

"ಬರೆಯಬೇಡಿ" ಅಂದಿದ್ದೀಯ. ಬಹುವಚನ ಹಾಕಿದ್ದೀಯ.

ತಟ್ಟೆ ಒಣಗುವ ಮಾತು ನಿಜವಾ? ಎಷ್ಟು ಹೊತ್ತಿಗೆ ಒಣಗುತ್ತದೆ? ನಿನ್ನ ತಲೆನೋವು ಭಾನುವಾರವೂ ಬರುತ್ತಿತ್ತಾ, ಕೆಲಸದ ದಿನ ಮಾತ್ರವಾ?

ಇಷ್ಟಕ್ಕೆ ಮಾತ್ರ ಉತ್ತರ ಬರೆ. ಬೈದು ಬರೆದರೂ ಸರಿ.

ಅಕ್ಕ

*

ಏಪ್ರಿಲ್ ೨

ತಮ್ಮನಿಗೆ,

ನೀನು ಉತ್ತರ ಬರೆಯಲಿಲ್ಲ. ಆರು ದಿನ ಅಂಚೆಯವನ ಮುಖ ನೋಡಿದೆ. ಆಮೇಲೆ ಉತ್ತರವನ್ನು ನಾನೇ ಹುಡುಕಿಕೊಂಡೆ. ಈ ಪತ್ರ ಪೂರ್ತಿ ಓದು, ಆಮೇಲೆ ಬೇಕಾದ್ದು ಮಾಡು.

ನಿನಗೂ ದೊಡ್ಡ ಸಾರಿಗೂ ಹೇಳದೆ ಮುಚ್ಚಿಟ್ಟದ್ದು ಒಂದಿದೆ. ಮೀನುಗಳನ್ನು ತೊಟ್ಟಿಗೆ ಬಿಟ್ಟ ಕೂಡಲೇ ಪ್ರತಿ ತೊಟ್ಟಿಯಿಂದ ಒಂದು ಸೀಸೆ ನೀರು ತೆಗೆದು ಅಳತೆಗೆ ಕಳಿಸಬೇಕು. ಶುರುವಿನಲ್ಲಿ ಎಷ್ಟಿತ್ತು ಅಂತ ತಿಳಿಯುವುದು ಅದರಿಂದಲೇ. ಅವತ್ತು ಬೆಳಗ್ಗೆ ಗಾಳಿಯ ಪಂಪು ಕೆಟ್ಟಿತು. ಮೀನಿಗೆ ಉಸಿರಾಡಲು ನೀರಿನಲ್ಲಿ ಗುಳ್ಳೆ ಎಬ್ಬಿಸುವ ಪಂಪು. ಅದರ ಹಿಂದೆ ಓಡಾಡಿ, ಬೇರೆ ದೊಡ್ಡ ಪಂಪು ತಂದು ಜೋಡಿಸುವಷ್ಟರಲ್ಲಿ ಆ ನೀರು ತೆಗೆಯುವುದು ಮರೆತೇ ಹೋಯಿತು. ಮರುದಿನ ತೆಗೆದೆ. ಮರುದಿನದ ನೀರಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಮೊದಲ ಅಂಕಣ ಖಾಲಿ ಬಿಟ್ಟು ಸುಮ್ಮನಾದೆ. ಹದಿನಾರು ವರ್ಷದಲ್ಲಿ ನನ್ನ ಪುಸ್ತಕದಲ್ಲಿ ಖಾಲಿ ಅಂಕಣ ಇರಲಿಲ್ಲ. ನಾನು ಮರೆತೆ ಅಂತ ಹೇಳುವುದಕ್ಕಿಂತ ಬಾಟಲಿಯಲ್ಲೇ ಮೋಸ ಅನ್ನುವುದು ಸುಲಭವಾಗಿತ್ತು. ಚೀಟಿಯ ಮೇಲೆ ನಿನ್ನ ಏಳು ಕಂಡ ಮೇಲೆ ಇನ್ನೂ ಸುಲಭವಾಯಿತು. ನೀನು ಪ್ಯಾಕಿಂಗು ಅಂತ ಸುಳ್ಳು ಬರೆದಾಗ, ನೋಡು ನಾನು ಹೇಳಿದ್ದೇ ಸರಿ ಅಂತ ಒಳಗೊಳಗೇ ನೆಮ್ಮದಿಯಾಯಿತು. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೆ ನಿಜ.

ನೀನು ತುಂಬಿಸಿದ ಎರಡನೆಯ ಬಾಟಲಿ ಬೀಗದ ಕಪಾಟಿನಲ್ಲಿತ್ತು. ತಕರಾರು ಬಂದರೆ ಮಾತ್ರ ತೆಗೆಯುವಂಥದ್ದು. ದೊಡ್ಡ ಸಾರ್ ಹತ್ತಿರ ಹೋಗಿ, "ಸಾರ್, ತಕರಾರು ನನ್ನದೇ" ಅಂದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಮೀನಕ್ಕಾ, ನೀವಾ?" ಅಂದರು. ಅಷ್ಟೇ.

ಬಾಟಲಿ ಒಡೆದು ಅಳೆಸಿದೆವು. ಇರಬೇಕಾದಷ್ಟೂ ಇತ್ತು, ಒಂದು ಹನಿ ನೀರಿಲ್ಲ. ಈ ಸಲ ತೆರೆದ ತೊಟ್ಟಿ ಬಿಟ್ಟು ಮುಚ್ಚಳವಿರುವ ಗಾಜಿನ ಜಾಡಿ ತೆಗೆದುಕೊಂಡೆ. ಮೇಲೆ ಗಾಳಿಗೆ ಜಾಗವೇ ಇಲ್ಲದ ಹಾಗೆ ಕಂಠಪೂರ್ತಿ ತುಂಬಿಸಿದೆ. ಗುಳ್ಳೆ ಬಿಡಲಿಲ್ಲ, ದಿನಕ್ಕೊಂದು ಸಲ ಅದೇ ಪ್ರಮಾಣ ಬೆರೆಸಿದ ಹೊಸ ನೀರು ಕೊಟ್ಟೆ. ಅತಿ ಹೆಚ್ಚು ಬೆರೆಸಿದ ಜಾಡಿಯ ಮೀನುಗಳು ಮೂರು ಗಂಟೆಯಲ್ಲಿ ಸಮತೋಲ ತಪ್ಪಿ ಓರೆಯಾಗಿ ಈಜತೊಡಗಿದವು. ಮರುದಿನ ಬೆಳಗ್ಗೆ ಏಳೂ ತಳದಲ್ಲಿ. ಎರಡನೆಯ ಜಾಡಿಯಲ್ಲಿ ಮೂರನೆಯ ದಿನಕ್ಕೆ ಎಲ್ಲವೂ ಹೋದವು. ನಡುವಿನ ಜಾಡಿಯಲ್ಲಿ ನಾಲ್ಕು ಸತ್ತು ಮೂರು ಉಳಿದವು. ಶುದ್ಧ ನೀರಿನ ಏಳಕ್ಕೂ ಏನೂ ಆಗಲಿಲ್ಲ.

ಮೊದಲ ಸಲ ಏನಾಗಿತ್ತು ಅಂದರೆ, ನನ್ನ ಆ ದೊಡ್ಡ ಪಂಪಿನ ಗುಳ್ಳೆಗಳೇ ದ್ರವವನ್ನು ನೀರಿನಿಂದ ಗಾಳಿಗೆ ಎತ್ತಿ ಹಾಕಿದ್ದವು. ಮೀನು ಬದುಕಿಕೊಂಡವು. ಆ ವಾರ ಕೋಣೆಯಲ್ಲಿದ್ದ ನಾನು ಎರಡು ದಿನ ತಲೆ ಎತ್ತಲಾಗದೆ ಮಲಗಿದ್ದೆ. ಊಟ ಹೆಚ್ಚುಕಡಿಮೆಯಾಗಿದೆ ಅಂದುಕೊಂಡಿದ್ದೆ.

ನಿನಗೆ ಕನ್ನಡಕ ಬೇಡ. ಐದು ತಿಂಗಳು ನೀನು ಅದನ್ನೇ ಉಸಿರಾಡಿದ್ದೀಯ. ಡಾಕ್ಟರ ಹತ್ತಿರ ಹೋಗು, ಈ ದ್ರವದ ವಿಷಯ ಹೇಳು. ಆ ಕೋಣೆಯಲ್ಲಿ ಈಗ ಯಾರಿದ್ದಾರೋ ಅವರಿಗೂ ಹೇಳು.

ಹಳೆಯ ವರದಿ ತಪ್ಪು, ತುಂಬಿಸಿದವರ ದೋಷವಿಲ್ಲ, ದೋಷ ಪರೀಕ್ಷೆಯದು ಅಂತ ತಿದ್ದುಪಡಿ ಹೋಗಿದೆ. ಕೆಳಗೆ ನನ್ನ ಸಹಿ ಇದೆ. ಈ ಸಲ ದೊಡ್ಡ ಸಾರ್ ಹೆಸರಿನ ಹಿಂದೆ ಅಡಗಿಲ್ಲ. ನನ್ನನ್ನು ಮೀನಿನ ಕೋಣೆಯಿಂದ ತೆಗೆದು ಗಾಜಿನ ಸಾಮಾನು ತೊಳೆಯುವಲ್ಲಿಗೆ ಹಾಕಿದ್ದಾರೆ. ಅದು ನ್ಯಾಯವೇ.

ತಪ್ಪಾಯಿತು. ಕೈಗಡಿಯಾರದ ದಿನದ್ದೂ ಸೇರಿಸಿ ಹೇಳುತ್ತಿದ್ದೇನೆ. ನಿನ್ನ ಮೇಲೆ ನನಗೆ ಈಗ ಯಾವ ಅನುಮಾನವೂ ಇಲ್ಲ.

ಅಕ್ಕ

*

ಏಪ್ರಿಲ್ ೧೧

ಅಕ್ಕನಿಗೆ,

ನಿನ್ನ ಪತ್ರ ಬಂದ ನಾಲ್ಕನೆಯ ದಿನ ಗಡಿಯಾರ ನಮ್ಮ ಮನೆಗೇ ಬಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಇಲ್ಲ, ಪಾಪ, ಎಲ್ಲಿ ನೋಡುವುದು ಅಂತ ಗೊತ್ತಾಗದೆ ಒದ್ದಾಡಿದ. "ಮ್ಯಾನೇಜರು ಕರೀತಿದ್ದಾರೆ ಮಾರಾಯ, ತಪ್ಪು ತಿಳುವಳಿಕೆ ಆಗಿತ್ತಂತೆ" ಅಂದ. ಇವಳು ಅಂಗಿ ಇಸ್ತ್ರಿ ಮಾಡಿ ಕೊಟ್ಟಳು. ಹೋದೆ.

ಈ ಸಲ ಕೂರಲು ಕುರ್ಚಿ ಕೊಟ್ಟರು. ಮ್ಯಾನೇಜರು ಬಾಗಿಲು ಹಾಕಿಕೊಂಡು ಬಂದರು.

"ನಿನ್ನ ಕೆಲಸ ನಿನಗೇ. ನಾಳೆಯಿಂದ್ಲೇ ಬಾ" ಅಂದರು. "ಒಂದು ಸಣ್ಣ ಸಹಾಯ ಆಗ್ಬೇಕು. ಆ ಬಾಟಲಿ ಹಳೇದು, ಹೊಸ ಮಾದರಿ ಕಳಿಸ್ತೀವಿ ಅಂತ ಪ್ರಯೋಗಾಲಯಕ್ಕೆ ಬರೆದಿದ್ದೀವಿ. ನೀನೇ ತುಂಬಿಸ್ಬೇಕು. ಮೂರನೇ ಪೀಪಾಯಿಯಿಂದ."

ಮೂರನೆಯ ಪೀಪಾಯಿಯಲ್ಲಿರುವುದು ಬೇರೆ ದ್ರವ, ಅಕ್ಕ. ನೀರಿನಲ್ಲಿ ಕಲೆಯುವ ಸಾಬೂನಿನಂಥದ್ದು. ಅದಕ್ಕೆ ನಮ್ಮದನ್ನು ಕಾಲು ಭಾಗ ಸೇರಿಸಿದರೆ ಬಣ್ಣ, ವಾಸನೆ ಎರಡೂ ಹೊಂದುತ್ತವಂತೆ, ಹಾಗೇ ಮಾಡು ಅಂದರು.

"ಅದು ನಾವು ಮಾರೋ ಮಾಲು ಅಲ್ವಲ್ಲ ಸಾರ್" ಅಂದೆ.

"ನಿನಗ್ಯಾಕೆ ಅದು? ಹೇಗೂ ಒಂದ್ಸಲ ನಿನ್ನ ಹೆಸರು ಬಂದಾಗಿದೆ."

ಮಾಡದ ತಪ್ಪಿಗೆ ಹೊರಗೆ ಹಾಕಿದ್ದರು. ಈಗ ಅದೇ ತಪ್ಪನ್ನು ನಿಜವಾಗಿ ಮಾಡಿದರೆ ಒಳಗೆ ಸೇರಿಸಿಕೊಳ್ಳುತ್ತಾರಂತೆ. ನನಗೆ ನಗು ಬಂತು. ನಿಜವಾಗಿಯೂ ನಕ್ಕುಬಿಟ್ಟೆ, ಆ ಮನುಷ್ಯ ಗಾಬರಿಯಾದ. ಎದ್ದು ಬಂದೆ. ಬರುವಾಗ ತುಂಬುವ ಕೋಣೆಯ ಬಾಗಿಲಲ್ಲಿ ನಿಂತು ಒಳಗಿದ್ದ ಮೂವರಿಗೂ ನಿನ್ನ ಪತ್ರದ ಆ ಭಾಗ ಓದಿ ಹೇಳಿದೆ. ಮೂವರಿಗೂ ತಲೆನೋವಿದೆ. ಒಬ್ಬಳು ಆಗಲೇ ಕನ್ನಡಕ ಹಾಕಿಸಿಕೊಂಡಿದ್ದಾಳೆ. ಈಗ ಅವರು ಮೊಳೆ ಹೊಡೆದು ಮುಚ್ಚಿದ್ದ ಕಿಟಕಿಯನ್ನು ತೆರೆದು, ಗಾಳಿಯ ಫ್ಯಾನು ಹಾಕುವವರೆಗೆ ಒಳಗೆ ಹೋಗುವುದಿಲ್ಲ ಅಂತ ಅಂಗಳದಲ್ಲಿ ಕೂತಿದ್ದಾರೆ.

ಡಾಕ್ಟರು ರಕ್ತ ತೆಗೆದುಕೊಂಡಿದ್ದಾರೆ. ಸದ್ಯಕ್ಕೆ ಕಲ್ಲುಗುಂಡಿನ ಹಾಗಿದ್ದೇನೆ. ಇವಳು ಮೂರು ದಿನ ಮಾತಾಡಲಿಲ್ಲ, ಕೆಲಸ ಬಿಟ್ಟೆ ಅಂತಲ್ಲ, ಇಸ್ತ್ರಿ ಮಾಡಿದ ಅಂಗಿ ವ್ಯರ್ಥವಾಯಿತು ಅಂತ. ಈಗ ಮಾತಾಡುತ್ತಾಳೆ.

ನಾನು ತುಂಬಿಸದಿದ್ದರೆ ಬೇರೆಯವರು ತುಂಬಿಸುತ್ತಾರೆ. ಬಾಟಲಿ ಮುಂದಿನ ಗುರುವಾರ ನಿಮ್ಮಲ್ಲಿಗೆ ಬರುತ್ತದೆ. ಈ ಪತ್ರ ನಿಮ್ಮ ದೊಡ್ಡ ಸಾರಿಗೆ ತೋರಿಸು. ಕೆಳಗೆ ನನ್ನ ಪೂರ್ತಿ ಹೆಸರು, ವಿಳಾಸ, ಸಹಿ ಹಾಕಿದ್ದೇನೆ. ಹರಿದುಹಾಕಬೇಡ.

ಎಲ್ಲ ಮರೆತೆ ಅಂತ ಬರೆಯಲು ನನಗೆ ಆಗುತ್ತಿಲ್ಲ. ಗೇಟಿನವರೆಗೆ ಕಾವಲುಗಾರ ಹಿಂದೆ ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಿನಗೆ ಈಗ ಯಾವ ಅನುಮಾನವೂ ಇಲ್ಲ ಅಂತ ಬರೆದಿದ್ದೀಯ. ಅದನ್ನು ಪೂರ್ತಿ ಬಿಟ್ಟುಬಿಡಬೇಡ, ಗುರುವಾರ ಬೇಕಾಗುತ್ತದೆ.

ತಮ್ಮ

*

ಏಪ್ರಿಲ್ ೨೨

ತಮ್ಮನಿಗೆ,

ಬಾಟಲಿ ಗುರುವಾರ ಹನ್ನೊಂದಕ್ಕೆ ಬಂತು. ದೊಡ್ಡ ಸಾರ್ ನಿನ್ನ ಪತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡೇ ಅರಗು ಒಡೆದರು. ಸಾಮಾನು ತೊಳೆಯುವಲ್ಲಿಂದ ನನ್ನನ್ನೂ ಕರೆಸಿದರು. ಮೀನುಗಳನ್ನು ಮುಟ್ಟಲೇ ಇಲ್ಲ, ಮೊದಲು ದ್ರವವನ್ನೇ ಅಳತೆಗೆ ಹಾಕಿದೆವು. ಕಾಲು ಭಾಗ ಅದು, ಮುಕ್ಕಾಲು ಸಾಬೂನು. ನೀನು ಬರೆದ ಹಾಗೇ, ಒಂದಿಷ್ಟೂ ಆಚೀಚೆ ಇಲ್ಲ. ಸಾರ್ ಎರಡು ಸಲ ಓದಿ, "ಇವರು ನಿಮ್ಮ ತಮ್ಮನಾ?" ಅಂದರು. ಹೌದು ಅಂದೆ. ಇಷ್ಟು ಹೆಮ್ಮೆಯಿಂದ ಹೌದು ಅಂದದ್ದು ನನಗೆ ನೆನಪಿಲ್ಲ.

ಹೊಳೆಗೆ ನೀರು ಬಿಡಲು ಕಾರ್ಖಾನೆಯವರು ಕೇಳಿದ್ದ ಅನುಮತಿಯನ್ನು ತಡೆಹಿಡಿದಿದ್ದಾರೆ. ಅನುಮತಿ ಕೊಡುವ ಕಚೇರಿಯವರು ವಿಚಾರಣೆ ಇಟ್ಟಿದ್ದಾರೆ. ನಿನಗೂ ನೋಟೀಸು ಬರುತ್ತದೆ, ಹೆದರಬೇಡ, ಸಾಕ್ಷಿಯಾಗಿ ಕರೆಯುತ್ತಿದ್ದಾರೆ. ನನ್ನನ್ನೂ ಕರೆದಿದ್ದಾರೆ. ಮೊದಲು ನನ್ನ ತಪ್ಪನ್ನು ಅಲ್ಲಿ ಎಲ್ಲರೆದುರು ಹೇಳಬೇಕು, ಆಮೇಲೆ ನಿನ್ನ ಸರದಿ. ಮ್ಯಾನೇಜರೂ ಗಡಿಯಾರನೂ ಎದುರಿಗೇ ಕೂತಿರುತ್ತಾರೆ.

ಮೇ ಆರು, ಬೆಳಗ್ಗೆ ಹನ್ನೊಂದು ಗಂಟೆ. ಆ ಕಚೇರಿಗೆ ಎರಡು ಬಾಗಿಲಿವೆಯಂತೆ. ನಾನು ಬಸ್ಸು ನಿಲ್ಲುವ ಕಡೆಯ ಬಾಗಿಲಲ್ಲಿ ಹತ್ತೂವರೆಯಿಂದ ನಿಂತಿರುತ್ತೇನೆ. ನಿನಗೆ ನನ್ನ ಜೊತೆ ಒಳಗೆ ಹೋಗಲು ಮನಸ್ಸಿಲ್ಲದಿದ್ದರೆ ಇನ್ನೊಂದು ಬಾಗಿಲಿನಿಂದ ಹೋಗು. ನಾನು ಹನ್ನೊಂದಕ್ಕೆ ಐದು ನಿಮಿಷ ಇರುವವರೆಗೂ ಕಾಯುತ್ತೇನೆ.

ಅಕ್ಕ